ಎಲುಬಿನಲ್ಲಿ ಉಳಿದ ನೆಲದ ಗುರುತು

2001ನೆಯ ಇಸವಿ ಸೆಪ್ಟೆಂಬರ್ 21ರಂದು ಲಂಡನ್ ನಗರದ ಥೇಮ್ಸ್ ನದಿಯಲ್ಲಿ ತೇಲುತ್ತಿದ್ದ ಬಾಲಕನೊಬ್ಬನ ಶವವನ್ನು ಪೊಲೀಸರು ಗ್ಲೋಬ್ ರಂಗಮಂದಿರದ ಸಮೀಪದಲ್ಲಿ ಹೊರತೆಗೆದರು. ಶವಕ್ಕೆ ತಲೆಯಾಗಲಿ ಕೈಕಾಲುಗಳಾಗಲಿ ಇರಲಿಲ್ಲ. ಮೈಮೇಲೆ ಇದ್ದುದು ಕಿತ್ತಳೆ ಬಣ್ಣದ ಒಂದು ಚಡ್ಡಿ ಮಾತ್ರ. ಬಾಲಕನ ವಯಸ್ಸು ನಾಲ್ಕರಿಂದ ಏಳು ವರ್ಷಗಳ ನಡುವೆ ಇದ್ದಿರಬೇಕೆಂದು ಅಂದಾಜು ಮಾಡಲಾಯಿತು. ಇದು ಕೊಲೆಯೆಂಬುದರಲ್ಲಿ ಸಂದೇಹವಿರಲಿಲ್ಲ. ಆದರೆ ಕೊಲೆಯಾದವನು ಯಾರು?

ಗುರುತು ಹಿಡಿಯಲು ನಮಗೆ ಪರಿಚಿತವಾದ ಸಾಧನಗಳು ಮುಖ, ಬೆರಳಚ್ಚು, ಹಲ್ಲು. ಇಲ್ಲಿ ಈ ಮೂರೂ ಇರಲಿಲ್ಲ. ಡಿ.ಎನ್.ಎ. ಪರೀಕ್ಷೆಯಿಂದ ಗುರುತು ಸಿಗಬೇಕಾದರೆ ಹೋಲಿಸಿ ನೋಡಲು ರಕ್ತಸಂಬಂಧಿಗಳು ಬೇಕಷ್ಟೆ. ಈ ಮಗು ತಮ್ಮದೆಂದು ಯಾರೂ ಮುಂದೆ ಬರಲಿಲ್ಲ. ಹೆಸರಿಲ್ಲದ ಆ ಬಾಲಕನನ್ನು ಪೊಲೀಸರು 'ಆಡಂ' ಎಂದು ಕರೆದರು. ಅವನು ಯಾವ ನಾಡಿನವನೆಂದು ಅರಿಯಲು ಅವರಿಗೆ ನೆರವಾದ ಸಾಕ್ಷ್ಯಗಳಲ್ಲಿ ಮುಖ್ಯವಾದುದೊಂದು ಅವನ ಎಲುಬಿನಲ್ಲಿಯೇ ಇದ್ದಿತು. ಆ ಸಾಕ್ಷ್ಯದ ಸ್ವರೂಪವನ್ನು ಈಗ ವಿಚಾರಿಸೋಣ.

ಶಿಲೆಯಿಂದ ಎಲುಬಿಗೆ

ಒಂದೇ ಧಾತುವಿನ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ರಾಸಾಯನಿಕ ಗುಣದಲ್ಲಿ ಒಂದೇ ಆಗಿದ್ದು ತೂಕದಲ್ಲಿ ಮಾತ್ರ ಭಿನ್ನವಾಗಿರುವ ಪರಮಾಣುಗಳಿಗೆ ಸಮಸ್ಥಾನಿಗಳು ಅಥವಾ ಐಸೊಟೋಪುಗಳೆಂದು ಹೆಸರು. ಶಿಲೆಗಳಲ್ಲಿ ಅಲ್ಪಪ್ರಮಾಣದಲ್ಲಿ ಸೇರಿಕೊಂಡಿರುವ ಸ್ಟ್ರಾನ್ಷಿಯಮ್ ಧಾತುವಿಗೆ 84, 86, 87, 88 ಎಂಬ ರಾಶಿಸಂಖ್ಯೆಗಳುಳ್ಳ ನಾಲ್ಕು ಸ್ಥಿರ ಸಮಸ್ಥಾನಿಗಳುಂಟು. ಇವುಗಳಲ್ಲಿ 87ರ ಕಥೆ ಸ್ವಾರಸ್ಯವಾದುದು. ರುಬಿಡಿಯಮ್-87 ಎಂಬ ವಿಕಿರಣಶೀಲ ಪರಮಾಣು ಬೀಟಾ ಕಣವೊಂದನ್ನು ಹೊರಸೂಸಿ ಸ್ಟ್ರಾನ್ಷಿಯಮ್-87 ಆಗಿ ಮಾರ್ಪಡುತ್ತದೆ. ಈ ಕ್ರಿಯೆ ಅತಿ ನಿಧಾನ. ಅದರ ಅರ್ಧಾಯು ಸುಮಾರು 4,900 ಕೋಟಿ ವರ್ಷಗಳು, ಎಂದರೆ ವಿಶ್ವದ ವಯಸ್ಸಿನ ಮೂರುಪಟ್ಟಿಗೂ ಹೆಚ್ಚು.

ಸ್ಟ್ರಾನ್ಷಿಯಮ್-86ಕ್ಕೆ ಇಂಥ ಪೂರೈಕೆಯಿಲ್ಲ. ಅದು ಇದ್ದಷ್ಟೇ ಇರುತ್ತದೆ. ಆದುದರಿಂದ ಶಿಲೆಯು ಎಷ್ಟು ಹಳೆಯದೋ, ಅದರಲ್ಲಿ ರುಬಿಡಿಯಮಿನ ಅಂಶ ಎಷ್ಟು ಹೆಚ್ಚೋ, 87ಕ್ಕೂ 86ಕ್ಕೂ ಇರುವ ನಿಷ್ಪತ್ತಿ ಅಷ್ಟು ದೊಡ್ಡದಾಗುತ್ತದೆ. ಸಾಗರತಳದ ಜ್ವಾಲಾಮುಖಿಗಳಿಂದ ಈಚೆಗೆ ಹೊರಬಂದ ಬಸಾಲ್ಟ್ ಶಿಲೆಯಲ್ಲಿ ಈ ನಿಷ್ಪತ್ತಿ ಸುಮಾರು 0.703; ಇಂದಿನ ಸಮುದ್ರದ ನೀರಿನಲ್ಲಿ 0.7092, ನೂರಾರು ಕೋಟಿ ವರ್ಷಗಳ ಗ್ರಾನೈಟ್ ಶಿಲೆಗಳಲ್ಲಿ 0.720ನ್ನೂ ಮೀರುವುದುಂಟು.

ಶಿಲೆ ಸವೆದು ಮಣ್ಣಾಗುತ್ತದೆ. ಮಣ್ಣಿನಿಂದ ಸ್ಟ್ರಾನ್ಷಿಯಮ್ ನೀರಿಗೂ ಬೆಳೆಗೂ ಸೇರಿ, ಆಹಾರದ ಮೂಲಕ ನಮ್ಮ ದೇಹವನ್ನು ಹೊಗುತ್ತದೆ. ಅದು ಕ್ಯಾಲ್ಸಿಯಮಿನ ಗುಂಪಿಗೆ ಸೇರಿದ ಧಾತುವಾದುದರಿಂದ ದೇಹವು ಅದನ್ನು ಕ್ಯಾಲ್ಸಿಯಮಿನ ಜೊತೆಯಲ್ಲಿಯೇ ಎಲುಬಿನಲ್ಲಿ ಇರಿಸಿಕೊಳ್ಳುತ್ತದೆ. 86 ಮತ್ತು 87ರ ತೂಕದಲ್ಲಿ ಇರುವ ಭೇದ ನೂರಕ್ಕೆ ಒಂದರಷ್ಟು ಮಾತ್ರ. ಆದುದರಿಂದ ಈ ದೀರ್ಘಪ್ರಯಾಣದಲ್ಲಿ ಅವುಗಳ ನಿಷ್ಪತ್ತಿ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಸ್ಥಳೀಯವಾದ ಬೆಳೆಯನ್ನುಂಡು ಬೆಳೆದವನ ಎಲುಬು ಆ ನೆಲದ ಅಂಕಿಯನ್ನು ಹೊತ್ತಿರುತ್ತದೆ.

ಪರಮಾಣುಗಳನ್ನು ಬೇರ್ಪಡಿಸುವ ಬಗೆ

ಈ ಭೇದಗಳು ದಶಮಾಂಶದ ಎರಡನೆಯ, ಮೂರನೆಯ ಸ್ಥಾನದಲ್ಲಿರುವುವು. ಇವುಗಳನ್ನು ಅಳೆಯಲು ರಾಶಿರೋಹಿತಮಾಪಕವೆಂಬ ಉಪಕರಣ ಬೇಕು. ಎಲುಬಿನ ಚೂರನ್ನು ಆಮ್ಲದಲ್ಲಿ ಕರಗಿಸಿ ಮೊದಲು ಸ್ಟ್ರಾನ್ಷಿಯಮನ್ನು ರಾಸಾಯನಿಕವಾಗಿ ಬೇರ್ಪಡಿಸಬೇಕು. ಇದಕ್ಕೆ ಕಾರಣವಿಷ್ಟೆ: ರುಬಿಡಿಯಮ್-87 ಮತ್ತು ಸ್ಟ್ರಾನ್ಷಿಯಮ್-87ರ ತೂಕ ಹೆಚ್ಚುಕಡಿಮೆ ಒಂದೇ, ಎರಡೂ ಕೂಡಿದ್ದರೆ ಉಪಕರಣ ಮೋಸಹೋಗುತ್ತದೆ.

ಬೇರ್ಪಟ್ಟ ಸ್ಟ್ರಾನ್ಷಿಯಮನ್ನು ಕಾದ ಲೋಹದ ತಂತುವಿನ ಮೇಲೆ ಅಯಾನುಗಳನ್ನಾಗಿ ಮಾಡಿ, ವಿದ್ಯುತ್‌ಕ್ಷೇತ್ರದಲ್ಲಿ ವೇಗಗೊಳಿಸಿ, ಕಾಂತಕ್ಷೇತ್ರದೊಳಕ್ಕೆ ಕಳುಹಿಸುತ್ತಾರೆ. ಅಲ್ಲಿ ಅಯಾನುಗಳ ಪಥ ವೃತ್ತಾಕಾರವಾಗಿ ಬಾಗುತ್ತದೆ. ಎಲ್ಲ ಅಯಾನುಗಳ ಆವೇಶವೂ ಅವನ್ನು ವೇಗಗೊಳಿಸಿದ ವೋಲ್ಟೇಜೂ ಒಂದೇ ಆಗಿದ್ದರೆ, ವೃತ್ತದ ತ್ರಿಜ್ಯವು ರಾಶಿಯ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ವಿದ್ಯಾರ್ಥಿಗಳು ಲೆಕ್ಕಹಾಕಿ ನೋಡಬಹುದು: 87ನ್ನು 86ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.0058 ಬರುತ್ತದೆ. ಸ್ಟ್ರಾನ್ಷಿಯಮ್-86ರ ತ್ರಿಜ್ಯ 30 ಸೆಂಟಿಮೀಟರ್ ಆಗಿದ್ದರೆ, 87ರ ತ್ರಿಜ್ಯ ಅದಕ್ಕಿಂತ ಸುಮಾರು 1.7 ಮಿಲಿಮೀಟರ್ ಮಾತ್ರ ದೊಡ್ಡದು. ಇಷ್ಟು ಅಂತರವೇ ಸಾಕು. ಎರಡು ಪಥಗಳ ಕೊನೆಯಲ್ಲಿ ಒಂದೊಂದು ಸಂಗ್ರಾಹಕವನ್ನಿಟ್ಟು, ಅವುಗಳಲ್ಲಿ ಹರಿಯುವ ವಿದ್ಯುತ್ಪ್ರವಾಹಗಳನ್ನು ಹೋಲಿಸಿ ನಿಷ್ಪತ್ತಿಯನ್ನು ಪಡೆಯುತ್ತಾರೆ. ಈ ವಿಧಾನದಲ್ಲಿ ದಶಮಾಂಶದ ಐದನೆಯ ಸ್ಥಾನದವರೆಗೆ ಭರವಸೆಯಿಂದ ಅಳೆಯಬಹುದು.

ಲಂಡನ್ನಿನಿಂದ ನೈಜೀರಿಯಕ್ಕೆ

ಆಡಂನ ಎಲುಬನ್ನು ಪರೀಕ್ಷಿಸಿದವರು ಭೂವಿಜ್ಞಾನಿ ಕೆನ್ ಪೈ. ಅದರಲ್ಲಿ ಕಂಡ ನಿಷ್ಪತ್ತಿ ಇಂಗ್ಲೆಂಡಿನಲ್ಲಿ ಬೆಳೆದ ಮಗುವಿಗೆ ಹೊಂದುವಂತಿರಲಿಲ್ಲ. ಅದು ಪ್ರಿಕೇಂಬ್ರಿಯನ್ ಯುಗದ ಅತಿ ಪ್ರಾಚೀನ ಶಿಲೆಗಳ ನೆಲವನ್ನು ಸೂಚಿಸಿತು. ಆದರೆ ಅಂಥ ಶಿಲೆಗಳು ಭೂಮಿಯಲ್ಲಿ ಒಂದೇ ಕಡೆ ಇಲ್ಲ. ಪಶ್ಚಿಮ ಆಫ್ರಿಕದಲ್ಲಿರುವಂತೆ ಬ್ರಜಿಲ್‌ನಲ್ಲಿಯೂ ನಮ್ಮ ಕರ್ನಾಟಕದಲ್ಲಿಯೂ ಅವು ಇವೆ. ಒಂದು ಅಂಕಿಯಿಂದ ಒಂದೇ ಊರನ್ನು ಬೆರಳಿಟ್ಟು ತೋರಿಸಲಾಗದು; ಹೊಂದದ ನೆಲಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತ ಹೋಗಬೇಕು. ತಾಯಿಯ ಕಡೆಯಿಂದ ಬರುವ ಡಿ.ಎನ್.ಎ. ಪಶ್ಚಿಮ ಆಫ್ರಿಕದತ್ತ ಬೆರಳು ಮಾಡಿದುದರಿಂದ ಹುಡುಕುವ ಪ್ರದೇಶ ಕಿರಿದಾಯಿತು. ಬಳಿಕ ನೈಜೀರಿಯದಿಂದ ಕಲ್ಲು, ಮಣ್ಣು, ತರಕಾರಿ, ಪ್ರಾಣಿಗಳ ಎಲುಬು ಮುಂತಾದವನ್ನು ಸಂಗ್ರಹಿಸಿ ತಂದು ಹೋಲಿಸಿದರು. ಬಾಲಕನು ನೈರುತ್ಯ ನೈಜೀರಿಯದ ಬೆನಿನ್ ಸಿಟಿಯ ಕಡೆಯವನಾಗಿರಬೇಕೆಂಬ ನಿರ್ಣಯಕ್ಕೆ ಬಂದರು.

ಎಲುಬು ವರ್ಷಗಳ ದಾಖಲೆಯಾದರೆ, ಕರುಳು ಕೆಲವೇ ದಿನಗಳ ದಾಖಲೆ. ಕರುಳಿನಲ್ಲಿ ವಾಯವ್ಯ ಯೂರೋಪಿನ ಮರಗಳ ಪರಾಗ ಸಿಕ್ಕಿತು. ಎಂದರೆ ಬಾಲಕನು ಸಾಯುವ ಮೊದಲು ಅಲ್ಲಿಯ ಗಾಳಿಯನ್ನು ಉಸಿರಾಡಿದ್ದನು, ಅಲ್ಲಿಯ ಆಹಾರವನ್ನು ಉಂಡಿದ್ದನು. ಆದರೆ ಎಲುಬಿನ ಅಂಕಿ ಬದಲಾಗುವಷ್ಟು ಕಾಲ ಅಲ್ಲಿ ಇರಲಿಲ್ಲ. ಕ್ಯೂ ಸಸ್ಯೋದ್ಯಾನದ ತಜ್ಞರು ಅದೇ ಕರುಳಿನಲ್ಲಿ ಪಶ್ಚಿಮ ಆಫ್ರಿಕದ ಕಲಬಾರ್ ಅವರೆಯೆಂಬ ವಿಷಬೀಜದ ಪುಡಿಯನ್ನು ಗುರುತಿಸಿದರು. ಜೀವಂತನಾಗಿ ತಂದ ಮಗುವಿಗೆ ವಿಷವುಣಿಸಿ ಕೊಂದರೆಂಬ ಶಂಕೆ ಇದರಿಂದ ಬಲವಾಯಿತು.

ಅಳತೆಯ ಎಲ್ಲೆ

ಇಷ್ಟೆಲ್ಲ ತಿಳಿದ ಮೇಲೂ ಹೆಸರು ತಿಳಿಯಲಿಲ್ಲ. 2002ರಲ್ಲಿ ನೆಲ್ಸನ್ ಮಂಡೇಲ ಅವರೇ ಬಾಲಕನ ಬಂಧುಗಳು ಮುಂದೆ ಬರಬೇಕೆಂದು ಬಹಿರಂಗವಾಗಿ ಕೇಳಿಕೊಂಡರು. ಮುಂದೆ ಕೆಲವು ಹೆಸರುಗಳು ಕೇಳಿಬಂದರೂ ಯಾವುದೂ ದೃಢಪಟ್ಟಿಲ್ಲ. ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಿಲ್ಲ. 2006ರಲ್ಲಿ ಬಾಲಕನನ್ನು ಲಂಡನ್ನಿನಲ್ಲಿ ಹೆಸರಿಲ್ಲದ ಸಮಾಧಿಯಲ್ಲಿ ಹೂಳಲಾಯಿತು.

ಇದು ಅಳತೆಯ ದೋಷವಲ್ಲ. ಶಿಲೆಗೆ ನಿಷ್ಪತ್ತಿಯುಂಟು, ಹೆಸರಿಲ್ಲ. ಒಂದು ನೆಲದ ಅನ್ನವನ್ನುಂಡ ಸಾವಿರಾರು ಮಕ್ಕಳ ಎಲುಬಿನಲ್ಲಿ ಇರುವುದು ಒಂದೇ ಅಂಕಿ. ಅವರಲ್ಲಿ ಇವನು ಯಾರೆಂದು ಹೇಳಬಲ್ಲವರು ಇವನನ್ನು ಹೆಸರು ಹಿಡಿದು ಕರೆದವರು ಮಾತ್ರ. ಅಂಥವರಲ್ಲಿ ಒಬ್ಬರು ಮುಂದೆ ಬಂದರೂ ಸಾಕು, ಅವರ ಮಾತು ನಿಜವೋ ಅಲ್ಲವೋ ಎಂಬುದನ್ನು ಪ್ರಯೋಗಶಾಲೆ ಪರೀಕ್ಷಿಸಿ ಹೇಳಬಲ್ಲುದು. ಆ ಒಬ್ಬರು ಇನ್ನೂ ಬಂದಿಲ್ಲ.