ಬಸುರಿ ಅಳಬಾರದೇ?

ಪ್ರಶ್ನೆ: ನನಗೀಗ ಆರು ತಿಂಗಳು. ನಾಲ್ಕರಲ್ಲಿದ್ದಾಗ ಅಪ್ಪ ತೀರಿಕೊಂಡರು. ಅವತ್ತಿನಿಂದ ಅಳು ನಿಂತಿಲ್ಲ. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ. ‘ಬಸುರಿ ಹೆಂಗಸು ಹಿಂಗೆ ಅತ್ರೆ ಕೂಸಿನ ತಲೆ ಬೆಳೆಯಲ್ಲ’ ಅನ್ನುತ್ತಾರೆ ಅತ್ತೆ. ಮೊಬೈಲಿನಲ್ಲಿ ನೋಡಿದ ವಿಡಿಯೊದಲ್ಲೂ ಅದನ್ನೇ ಹೇಳಿದರು. ನನ್ನ ಮಗುವಿಗೆ ನಾನೇ ಕೆಡುಕು ಮಾಡಿದೆನೇ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಇಲ್ಲಮ್ಮ. ಅಪ್ಪನನ್ನು ಕಳೆದುಕೊಂಡ ಮಗಳು ಅಳದೆ ಇನ್ನೇನು ಮಾಡಿಯಾಳು? ಅತ್ತ ಮಾತ್ರಕ್ಕೆ ಮಗುವಿನ ಮಿದುಳಿನ ಬೆಳವಣಿಗೆ ನಿಲ್ಲುವುದಿಲ್ಲ.

ಮನಸ್ಸಿಗೆ ಸಂಕಟವಾದಾಗ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುವುದು ನಿಜ. ಆದರೆ ಮಗುವನ್ನು ಪೋಷಿಸುವ ಮಾಸಿನಲ್ಲಿ ಒಂದು ಕಿಣ್ವವಿದೆ. ಅದು ಕಾರ್ಟಿಸಾಲಿನ ಬಹುಪಾಲನ್ನು ಮಗುವಿಗೆ ತಲುಪುವ ಮೊದಲೇ ನಿಷ್ಕ್ರಿಯಗೊಳಿಸುತ್ತದೆ. ತೀವ್ರ ಆತಂಕ, ಖಿನ್ನತೆ ತಿಂಗಳುಗಟ್ಟಲೆ ಚಿಕಿತ್ಸೆಯಿಲ್ಲದೆ ಮುಂದುವರಿದರೆ ಈ ಕಾವಲು ಸಡಿಲವಾಗಬಹುದು ಎನ್ನುತ್ತವೆ ಅಧ್ಯಯನಗಳು. ಮಗುವಿನ ಮಿದುಳಿನಲ್ಲಿ ಭಯ, ಭಾವನೆಗಳನ್ನು ನಿಭಾಯಿಸುವ ಅಮಿಗ್ಡಲಾ ಎಂಬ ಭಾಗದಲ್ಲಿ ಸಣ್ಣ ವ್ಯತ್ಯಾಸಗಳು ಕಂಡದ್ದೂ ಉಂಟು. ಅವೆಲ್ಲ ನೂರಾರು ಮಕ್ಕಳ ಸರಾಸರಿ ಲೆಕ್ಕ. ಒಂದು ಮಗುವಿನ ಹಣೆಬರಹವಲ್ಲ. ತುಂಬ ಆತಂಕಪಟ್ಟ ತಾಯಂದಿರ ಮಕ್ಕಳಲ್ಲೂ ಹೆಚ್ಚಿನವರು ಚೆನ್ನಾಗಿಯೇ ಬೆಳೆದಿದ್ದಾರೆ. ವಿಡಿಯೊದವರು ಇದನ್ನೇ ಬಿಟ್ಟುಬಿಡುತ್ತಾರೆ.

ಕೆನಡಾದ ಕ್ವಿಬೆಕ್‌ನಲ್ಲಿ 1998ರ ಜನವರಿಯಲ್ಲಿ ಹಿಮಮಳೆ ಸುರಿದು ಲಕ್ಷಾಂತರ ಮನೆಗಳಿಗೆ ಕರೆಂಟೇ ಇರಲಿಲ್ಲ. ಆಗ ಬಸುರಿಯರಾಗಿದ್ದವರನ್ನೂ ಅವರ ಮಕ್ಕಳನ್ನೂ ಸುಝಾನ್ ಕಿಂಗ್ ಅವರ ತಂಡ ವರ್ಷಗಟ್ಟಲೆ ಗಮನಿಸಿತು. ಮಕ್ಕಳ ಭಾಷೆ, ಬುದ್ಧಿಯ ಪರೀಕ್ಷೆಗಳಲ್ಲಿ ಕಂಡ ವ್ಯತ್ಯಾಸಕ್ಕೆ ನಂಟು ಇದ್ದದ್ದು ತಾಯಿ ಎಷ್ಟು ನೊಂದಳು ಎನ್ನುವುದಕ್ಕಿಂತ, ಆಕೆಯ ಬದುಕು ಎಷ್ಟು ಅಸ್ತವ್ಯಸ್ತವಾಗಿತ್ತು ಎನ್ನುವುದಕ್ಕೆ. ಹಾಗಾಗಿ ‘ಅಳಬೇಡ’ ಎನ್ನುವುದಕ್ಕಿಂತ ಬಸುರಿಯ ಹೆಗಲ ಭಾರ ಇಳಿಸುವುದು ಮುಖ್ಯ ಎಂದು ನಾನು ನಂಬಿದ್ದೇನೆ. ಈ ಮಾತನ್ನು ನಿಮ್ಮ ಯಜಮಾನರಿಗೂ ಅತ್ತೆಗೂ ಓದಿ ಹೇಳಿ.

ನನಗೆ ಚಿಂತೆಯಾಗಿರುವುದು ನಿಮ್ಮ ಅಳುವಿನ ಬಗ್ಗೆ ಅಲ್ಲ, ನಿದ್ದೆ, ಊಟದ ಬಗ್ಗೆ. ಎರಡು ತಿಂಗಳಿಂದ ಹೀಗಿದ್ದರೆ ದುಃಖದ ಜೊತೆ ಖಿನ್ನತೆಯೂ ಸೇರಿಕೊಂಡಿರಬಹುದು. ಅದು ವಾಸಿಯಾಗುವ ಕಾಯಿಲೆ. ತಾಯಿ ಕಾರ್ಡ್ ಹಿಡಿದು ಈ ವಾರವೇ ಡಾಕ್ಟರ ಬಳಿ ಹೋಗಿ, ಬಿಪಿ, ತೂಕ ನೋಡಿ ಕಳಿಸಿಬಿಡುವ ಮೊದಲು ನೀವೇ ಇದನ್ನೆಲ್ಲ ಬಾಯಿಬಿಟ್ಟು ಹೇಳಿ. ಹತ್ತು ಪ್ರಶ್ನೆಗಳ ಎಡಿನ್‌ಬರೋ ಪಟ್ಟಿಯಿಂದ ಖಿನ್ನತೆಯ ಸುಳಿವು ಸಿಗುತ್ತದೆ. ಎಷ್ಟೋ ಜನರಿಗೆ ಆಪ್ತಸಮಾಲೋಚನೆಯೇ ಸಾಕಾಗುತ್ತದೆ. ಮಾತ್ರೆ ಬೇಕಾದರೆ ಬಸಿರಿನಲ್ಲಿ ಕೊಡಬಹುದಾದಂಥವೂ ಇವೆ, ಆಯ್ಕೆ ಡಾಕ್ಟರದು. ಈಗಾಗಲೇ ಯಾವುದಾದರೂ ಮಾತ್ರೆ ನುಂಗುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಕಬ್ಬಿಣಾಂಶದ ಮಾತ್ರೆಯನ್ನಂತೂ ತಪ್ಪಿಸಲೇಬೇಡಿ, ಮಗುವಿನ ಮಿದುಳಿಗೆ ಅದು ನಿಜವಾಗಿ ಬೇಕು.

ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ, ಬಾಣಂತಿಯರಿಗೆಂದೇ ಮನೋವೈದ್ಯರ ತಂಡವಿದೆ. ಬದುಕೇ ಬೇಡ ಎನ್ನಿಸಿದರೆ ಮಾತ್ರ ವಾರದವರೆಗೂ ಕಾಯಬೇಡಿ. ಅಂದೇ ಮನೆಯವರಿಗೆ ಹೇಳಿ, ಅವರನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ.