ಹಿನ್ನೀರಿನ ದಂಡೆಯ ಮೂರು ಎಕರೆ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಧೂಪದಾಳದ ಹಿನ್ನೀರಿನ ಹತ್ತಿರ ಮೂರು ಎಕರೆ ಹೊಲವಿದೆ. ಒಂದು ಮಗ್ಗುಲಿಗೆ ಅಪ್ಪನ ಕಾಲದ ಗಿಡಗಳಿವೆ, ಚಳಿಗಾಲದಲ್ಲಿ ಹಕ್ಕಿಗಳು ಬಂದಿಳಿಯುತ್ತವೆ. ನನ್ನ ನಂತರ ಹೊಲ ಇಟ್ಟಂಗಿ ಭಟ್ಟಿಯವರಿಗೋ ಪ್ಲಾಟ್ ಹಾಕುವವರಿಗೋ ಹೋದೀತೆಂದು ನಿದ್ದೆ ಬರುವುದಿಲ್ಲ. ಮಗಳನ್ನು ಮೂಡಲಗಿಗೆ ಕೊಟ್ಟಿದ್ದೇವೆ. ಮಗ ಅಮೆರಿಕದಲ್ಲಿದ್ದಾನೆ. "ಹೊಲ ನಮ್ಮದೇ ಇರಲಿ, ಕಟ್ಟಡ ಕಟ್ಟುವ ಹಕ್ಕನ್ನಷ್ಟೇ ಸಂಸ್ಥೆಗೆ ದಾನ ಮಾಡಿ, ಬೆಲೆ ಕಟ್ಟಿಸಿ, ತೆರಿಗೆ ಉಳಿಯುತ್ತದೆ" ಎನ್ನುತ್ತಾನೆ. ಹುಕ್ಕೇರಿಯ ಒಬ್ಬರು ಬೆಲೆಯ ಪ್ರಮಾಣಪತ್ರಕ್ಕೆ ದುಡ್ಡು ಕೇಳುತ್ತಿದ್ದಾರೆ. ಕೊಡಲೇ?
— ಗೋಕಾಕ ತಾಲ್ಲೂಕಿನ ಓದುಗರು

ಉತ್ತರ: ಗುರುಗಳೇ, ಆ ದುಡ್ಡು ಕೊಡಬೇಡಿ.

ಮಗ ಹೇಳಿದ್ದು ಅಲ್ಲಿನ ಮಟ್ಟಿಗೆ ನಿಜ. ಕಟ್ಟುವ ಹಕ್ಕಿದ್ದಾಗ ಜಮೀನಿನ ಬೆಲೆ ಎಷ್ಟು, ಅದನ್ನು ಶಾಶ್ವತವಾಗಿ ಬಿಟ್ಟುಕೊಟ್ಟ ಮೇಲೆ ಎಷ್ಟು ಎಂದು ಎರಡು ಸಲ ಬೆಲೆ ಕಟ್ಟಿ, ಕಡಿಮೆಯಾದಷ್ಟನ್ನು ದಾನವೆಂದು ಹಿಡಿಯುತ್ತಾರೆ. ಬೆಲೆ ಉಬ್ಬಿಸಿ ತೆರಿಗೆ ತಪ್ಪಿಸುವವರು ಹೆಚ್ಚಾಗಿ, 2022ರಲ್ಲಿ ಅಲ್ಲಿಯೂ ಕಾನೂನು ಬಿಗಿಯಾಯಿತು.

ಅಲ್ಲಿ ಇದನ್ನು ಈಸ್‌ಮೆಂಟ್ ಎನ್ನುತ್ತಾರೆ, ಆದರೆ ನಮ್ಮ 1882ರ ಈಸ್‌ಮೆಂಟ್ ಕಾಯ್ದೆ ಬೇರೆಯೇ. ಒಂದು ಹೊಲದ ಅನುಕೂಲಕ್ಕಾಗಿ ಇನ್ನೊಂದು ಹೊಲದ ಮೇಲಿರುವ ಹಕ್ಕು ಅದು: ಬಂಡಿದಾರಿ, ಕಾಲುವೆಯ ನೀರು. ಪಕ್ಕದಲ್ಲಿ ತನ್ನ ಜಮೀನೇ ಇಲ್ಲದ ಸಂಸ್ಥೆಗೆ ಅಂಥ ಹಕ್ಕು ಹುಟ್ಟುವುದಿಲ್ಲ. ಇನ್ನು 80ಜಿ ಎಂದು ನಾವೆಲ್ಲ ಕರೆಯುವ ರಿಯಾಯಿತಿ ಹಣದ ದಾನಕ್ಕೆ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ. ನಗದಾದರೆ 2,000 ರೂಪಾಯಿ ದಾಟುವಂತಿಲ್ಲ. ಭೂಮಿ ಕೊಟ್ಟರೆ ಪಿಂಚಣಿಯ ತೆರಿಗೆಯಲ್ಲಿ ಒಂದು ರೂಪಾಯಿಯೂ ಇಳಿಯದು. ಪ್ರಮಾಣಪತ್ರ ಯಾರಿಗೆ ತೋರಿಸುತ್ತೀರಿ?

ಹೊಲವನ್ನೇ ಬಕ್ಷೀಸ್ ಪತ್ರದಿಂದ ಸಂಸ್ಥೆಗೆ ಬರೆದುಕೊಡಬಹುದು. ಇಬ್ಬರು ಸಾಕ್ಷಿ ಬೇಕು, ನೋಂದಣಿ ಆಗಬೇಕು, ನೀವಿರುವಾಗಲೇ ಅವರು ಒಪ್ಪಿ ಸ್ವೀಕರಿಸಬೇಕು. ಮುದ್ರಾಂಕ ಶುಲ್ಕಕ್ಕೆ ಸರ್ಕಾರದ ಮಾರ್ಗಸೂಚಿ ದರವೇ ಆಧಾರ. ಆದರೆ "ಎಂದೂ ಮಾರಕೂಡದು" ಎಂಬ ಷರತ್ತು ಬರೆದರೂ ನಿಲ್ಲುವುದಿಲ್ಲ. ಅಂಥ ಷರತ್ತು ಅಸಿಂಧು ಎಂದು ಆಸ್ತಿ ವರ್ಗಾವಣೆ ಕಾಯ್ದೆಯೇ ಹೇಳುತ್ತದೆ. ನಿಮ್ಮ ಭಯ ಅಲ್ಲಿಗೆ ತೀರದು.

ನಿಮ್ಮ ಮನಸ್ಸಿಗೆ ಹತ್ತಿರವಾದ ದಾರಿ ವನ್ಯಜೀವಿ ಕಾಯ್ದೆಯ 36ಸಿ ಕಲಮಿನಲ್ಲಿದೆ. ಹಕ್ಕಿ-ಪ್ರಾಣಿ ಕಾಯಲು ಮಾಲೀಕರೇ ಮುಂದೆ ಬಂದರೆ ಖಾಸಗಿ ಜಮೀನನ್ನು ಸರ್ಕಾರ ಸಮುದಾಯ ಮೀಸಲು ಎಂದು ಘೋಷಿಸಬಹುದು. ಉತಾರದಲ್ಲಿ ನಿಮ್ಮ ಹೆಸರೇ ಉಳಿಯುತ್ತದೆ, ನಿರ್ವಹಣಾ ಸಮಿತಿಯಲ್ಲಿ ನೀವೂ ಇರುತ್ತೀರಿ. ಆದರೆ ಸಮಿತಿಯ ಠರಾವು, ಸರ್ಕಾರದ ಒಪ್ಪಿಗೆ ಎರಡೂ ಇಲ್ಲದೆ ಆ ನೆಲದ ಬಳಕೆ ಬದಲಾಗುವಂತಿಲ್ಲ. ಭಟ್ಟಿಗೂ ಪ್ಲಾಟಿಗೂ ಅಡ್ಡ ನಿಲ್ಲುವುದು ಇದೇ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಹೀಗೆ ಸಮುದಾಯ ಮೀಸಲಾಯಿತು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರವರ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಒಂದೇ ಹೊಲಕ್ಕಿಂತ ಅಕ್ಕಪಕ್ಕದ ನಾಲ್ವರು ರೈತರು ಕೂಡಿ ಹೋದರೆ ಅರ್ಜಿಗೆ ತೂಕ ಬರುತ್ತದೆ ಎಂಬುದು ನನ್ನ ಅನಿಸಿಕೆ.

ಅದಕ್ಕೂ ಮೊದಲು ಉತಾರ ಹಿಡಿದು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ. ನಿಮ್ಮ ಸರ್ವೆ ನಂಬರು 1974ರಲ್ಲಿ ಘೋಷಿಸಿದ ಘಟಪ್ರಭಾ ಪಕ್ಷಿಧಾಮದ ಗಡಿಯೊಳಗೆ ಇದೆಯೇ ಎಂದು ಬರಹದಲ್ಲಿ ಕೇಳಿ. ಒಳಗಿದ್ದರೆ 36ಸಿ ಅನ್ವಯಿಸದು, ಪಕ್ಷಿಧಾಮದ ನಿಯಮಗಳೇ ಲಾಗೂ.

ಇನ್ನೊಂದು ಮಾತು. ಮಗ ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಬರೆದಿದ್ದೀರಿ, ಮಗಳು ಏನಂದರೆಂದು ಬರೆದಿಲ್ಲ. ಹೊಲ ಪಿತ್ರಾರ್ಜಿತವಾದರೆ 2005ರಿಂದ ಅವರಿಗೂ ಮಗನಷ್ಟೇ ಪಾಲಿದೆ, ನೀವೊಬ್ಬರೇ ದಾನ ಬರೆದರೆ ತಕರಾರು ಖಂಡಿತ. ಮೂಡಲಗಿ ದೂರವೇನಲ್ಲ. ಹಕ್ಕಿಗಳು ಇಳಿದಿರುವಾಗಲೇ ಅವರನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ಅಲ್ಲಿಯೇ ಕೂತು ಕೇಳಿ.