ಗೊಬ್ಬರದ ತೊಟ್ಟಿಯಿಂದ ಆಕ್ಸಲಾಟಲ್‌ನ ಊಟಕ್ಕೆ

ಎರೆಹುಳು ರೈತನ ಮಿತ್ರ ಅಂತ ಶಾಲೆಯಲ್ಲಿ ಓದಿದ್ದೇವೆ. ಆಕ್ಸಲಾಟಲ್‌ಗೂ ಮಿತ್ರನೇ ಅಂತ ನಾವು ತೀರ್ಮಾನಿಸಿದ್ದು ಮಾತ್ರ ಸ್ವಲ್ಪ ಅವಸರದಲ್ಲಿ. ಹುಣಸಮಾರನಹಳ್ಳಿಯ ರೂಮಿನಲ್ಲಿ ನಮ್ಮ ಗೆಳೆಯನೊಬ್ಬ ಮೆಕ್ಸಿಕೊ ಮೂಲದ ಈ ಉಭಯಚರವನ್ನು ಸಾಕಿದ್ದಾನೆ. ಪಕ್ಕದ ಮನೆ ತಾರಸಿಯಲ್ಲಿ ಎರೆಗೊಬ್ಬರದ ತೊಟ್ಟಿ. ಆಂಟಿ ಕೇಳಿದಷ್ಟು ಹುಳು ಕೊಡ್ತಾರೆ. ಪುಕ್ಕಟೆ ಊಟ! ಆದ್ರೆ ಅದು ಹುಳುವನ್ನು ಬಾಯಿಗೆ ಎಳೆದುಕೊಂಡು ತಕ್ಷಣ ಉಗಿಯಿತು. ಮೂರು ದಿನ ಇದೇ ಕಥೆ. ಕಾಯಿಲೆಯೇನೋ ಅಂತ ಗಾಬರಿಯಾದೆವು. ತೊಂದರೆ ಇದ್ದದ್ದು ಹುಳುವಿನ ಜಾತಿಯಲ್ಲಿ.

ನಮ್ಮ ಕಡೆ ಎರೆಗೊಬ್ಬರಕ್ಕೆ ಹೆಚ್ಚಾಗಿ ಬಳಸುವುದು ಐಸೀನಿಯಾ ಫೆಟಿಡಾ, ಯೂಡ್ರಿಲಸ್ ಯೂಜೀನಿಯೇ, ಪೆರಿಯೋನಿಕ್ಸ್ ಎಕ್ಸ್‌ಕವೇಟಸ್. ಮೊದಲನೆಯದೇ ತಂಟೆಕೋರ. ಫೆಟಿಡಾ ಅಂದ್ರೇ ನಾತದ್ದು. ಹಿಡಿದು ಕಾಟ ಕೊಟ್ಟರೆ ಮೈಯಿಂದ ಹಳದಿ ದ್ರವ ಬಿಡುತ್ತೆ. ಅದರಲ್ಲಿರುವ ಲೈಸೆನಿನ್ ಎಂಬ ಪ್ರೋಟೀನ್, ಜೀವಕೋಶದ ಪೊರೆಯಲ್ಲಿರುವ ಸ್ಫಿಂಗೋಮೈಲಿನ್ ಎಂಬ ಕೊಬ್ಬಿಗೆ ಅಂಟಿಕೊಳ್ಳುತ್ತೆ. ಒಂಬತ್ತು ಅಣುಗಳು ಉಂಗುರದಂತೆ ಸೇರಿ ಪೊರೆಯಲ್ಲಿ ತೂತು ಮಾಡುತ್ತವೆ. (ಇದೇ ತೂತನ್ನು ಸೆನ್ಸರ್ ಆಗಿ ಬಳಸುವ ಸಂಶೋಧನೆಯೂ ಇದೆ, ಇ.ಸಿ.ಯವರು ಗಮನಿಸಿ.) ಒಂದೆರಡು ಹುಳು ತಿಂದ ಮಾತ್ರಕ್ಕೆ ಪ್ರಾಣಿಗೆ ಏನೂ ಆಗಲಿಕ್ಕಿಲ್ಲ, ಕೆಲವು ಚಪ್ಪರಿಸಿಕೊಂಡು ತಿನ್ನುತ್ತವೆ ಕೂಡ. ಆದರೆ ಉಗಿಯುವ ಪ್ರಾಣಿಗೆ ಅದನ್ನೇ ಕೊಡುತ್ತಾ ಹೋದರೆ ಅದು ಉಪವಾಸ ಬೀಳುತ್ತೆ.

ಗುರುತು ಹಿಡಿಯೋದು ಕಷ್ಟವೇನಲ್ಲ. ಮೈತುಂಬ ಕೆಂಪು-ಹಳದಿ ಪಟ್ಟೆ ಇದ್ದರೆ ಐಸೀನಿಯಾ. ಪಟ್ಟೆಯಿಲ್ಲದೆ ದಪ್ಪಗೆ, ನೇರಳೆ-ಕಂದು ಬಣ್ಣಕ್ಕಿದ್ದರೆ ಆಫ್ರಿಕಾ ಮೂಲದ ಯೂಡ್ರಿಲಸ್. ತೆಳ್ಳಗಿದ್ದು, ಬೆಳಕಿಗೆ ನೀಲಿ ಹೊಳೆಯುತ್ತಾ, ಮುಟ್ಟಿದರೆ ಪಟಪಟ ಒದ್ದಾಡುವುದು ಪೆರಿಯೋನಿಕ್ಸ್. ನಮ್ಮ ಓಟು ಯೂಡ್ರಿಲಸ್‌ಗೆ. ಹೆಬ್ಬಾಳದ ದಾರಿಯಲ್ಲಿರುವ ಜಿಕೆವಿಕೆಯಲ್ಲಿ ಡಾ. ರಾಧಾ ಡಿ. ಕಾಳೆಯವರು ವರ್ಷಗಟ್ಟಲೆ ಎರೆಹುಳುಗಳ ಮೇಲೆ ಕೆಲಸ ಮಾಡಿದ್ದಾರೆ, ನಮ್ಮ ಕಾಲೇಜಿನಿಂದ ಒಂದು ಬಸ್ಸಿನ ದೂರ.

ಎರೆಹುಳುವಿನ ಒಣತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್. ಹಾಗಂತ ತೊಟ್ಟಿಯಿಂದ ಸೀದಾ ಟ್ಯಾಂಕಿಗೆ ಹಾಕಬೇಡಿ. ತೊಟ್ಟಿಯ ಸುತ್ತ ಇರುವೆ ಪುಡಿ ಹಾಕಿದ್ದಾರಾ, ಸೆಗಣಿ ಜಂತುಹುಳದ ಔಷಧಿ ಕೊಟ್ಟ ಹಸುವಿನದಾ, ಮೊದಲು ಕೇಳಿ. ಉಭಯಚರಗಳ ಚರ್ಮ ನೀರಿನಲ್ಲಿರುವುದನ್ನೆಲ್ಲ ಹೀರಿಕೊಳ್ಳುತ್ತೆ, ವಿಷ ಸೇರಿದರೆ ತಪ್ಪಿಸಿಕೊಳ್ಳೋಕೆ ದಾರಿಯಿಲ್ಲ. ಹುಳುವನ್ನು ಒದ್ದೆ ಟಿಶ್ಯೂ ಹಾಸಿದ, ಗಾಳಿಯಾಡುವ ಡಬ್ಬಿಯಲ್ಲಿ ಒಂದು ದಿನ ಬಿಟ್ಟರೆ ಹೊಟ್ಟೆಯ ಮಣ್ಣು ಹೊರಬರುತ್ತೆ. ಆಮೇಲೆ ಕ್ಲೋರಿನ್ ಇಲ್ಲದ ನೀರಿನಲ್ಲಿ ತೊಳೆದು, ಪ್ರಾಣಿಯ ಬಾಯಿಗೆ ತಕ್ಕಂತೆ ತುಂಡು ಮಾಡಿ ಕೊಡಿ.

ಇನ್ನೊಂದು ವಿಷಯ. ಆಕ್ಸಲಾಟಲ್ ಸೈಟಿಸ್ ಪಟ್ಟಿಯಲ್ಲಿದೆ. 2024ರ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಕೆರೆಯ ಕಪ್ಪೆ ಹಿಡಿದು ತಂದು ಸಾಕುವ ಯೋಚನೆಯಂತೂ ಬೇಡವೇ ಬೇಡ.

ಗೆಳೆಯನ ಆಕ್ಸಲಾಟಲ್ ಈಗ ವಾರಕ್ಕೆ ಮೂರು ಸಲ ಯೂಡ್ರಿಲಸ್ ತಿನ್ನುತ್ತೆ, ಉಗಿಯೋದಿಲ್ಲ. ಆಂಟಿಯ ಪಟ್ಟೆಹುಳುಗಳು ತಾರಸಿಯಲ್ಲೇ ಗೊಬ್ಬರ ಮಾಡ್ಕೊಂಡಿವೆ.